ಜಯದ ವಾಗ್ದಾನ ಸಿಕ್ಕಿದ ಮೇಲೆ ಹೊಂಚು ಏಕೆ? (ಯೆಹೋಶುವ 8)

ಪ್ರಶ್ನೆ

ಸಂಡೇ ಸ್ಕೂಲಿನ ದೊಡ್ಡ ಮಕ್ಕಳಿಗೆ ಈ ತಿಂಗಳು ಯೆಹೋಶುವನ ಗ್ರಂಥವನ್ನು ಓದಿಸುತ್ತಿದ್ದೇನೆ. ಆಯಿಯ ಅರಸನನ್ನೂ ಪಟ್ಟಣವನ್ನೂ ನಿನ್ನ ಕೈಗೆ ಒಪ್ಪಿಸಿದ್ದೇನೆಂದು ಎಂಟನೆಯ ಅಧ್ಯಾಯದ ಮೊದಲ ವಚನದಲ್ಲಿ ಯೆಹೋವನು ಇಸ್ರಾಯೇಲ್ಯರ ನಾಯಕನಾದ ಯೆಹೋಶುವನಿಗೆ ಹೇಳುತ್ತಾನೆ. ಮರುವಚನದಲ್ಲೇ ಪಟ್ಟಣದ ಹಿಂದೆ ಹೊಂಚುಹಾಕಲು ಆಜ್ಞಾಪಿಸುತ್ತಾನೆ. "ಕೊಟ್ಟಾಗಿದೆ ಅಂದಮೇಲೆ ಬಚ್ಚಿಟ್ಟುಕೊಂಡು ಕೂರುವುದು ಏಕೆ?" ಎಂದು ಒಬ್ಬ ಹುಡುಗ ಕೇಳಿದ. ಇದಕ್ಕೂ ಮೊದಲು ಯೆರಿಕೋ ಪಟ್ಟಣದ ಗೋಡೆ ಬಿದ್ದದ್ದು ಜನರು ಸುತ್ತಿ ಆರ್ಭಟಿಸಿದ್ದಕ್ಕೇ ಅಲ್ಲವೇ ಎಂಬುದು ಅವನ ವಾದ. ಏನೋ ಹೇಳಿ ಜಾರಿಕೊಂಡೆ, ಆದರೆ ನನಗೇ ಸಮಾಧಾನವಾಗಿಲ್ಲ.

ಉತ್ತರ 1

ಹುಡುಗನ ಪ್ರಶ್ನೆಯಲ್ಲಿ ವಾಗ್ದಾನ ಒಂದು ಕಡೆ, ಉಪಾಯ ಇನ್ನೊಂದು ಕಡೆ ನಿಂತಿವೆ. ಆದರೆ ಈ ಅಧ್ಯಾಯದಲ್ಲಿ ಹೊಂಚಿನ ಉಪಾಯವನ್ನು ಕೊಟ್ಟವನೂ ವಾಗ್ದಾನ ಮಾಡಿದವನೇ. ಹಾಗಾಗಿ ಹೊಂಚು ಹಾಕದೆ ಸುಮ್ಮನಿದ್ದರೆ ಅದೇ ಅವಿಧೇಯತೆಯಾಗುತ್ತಿತ್ತು. ಅದರ ವಿವರಗಳನ್ನು ಹೊಂದಿಸುವ ಕೆಲಸ ಮಾತ್ರ ಯೆಹೋಶುವನ ಪಾಲಿಗೆ ಬಂತು. ಅವನು ಜನರನ್ನು ರಾತ್ರಿಯಲ್ಲೇ ಕಳುಹಿಸಿ ಬೇತೇಲಿಗೂ ಆಯಿಗೂ ನಡುವೆ, ಪಡುವಣ ದಿಕ್ಕಿನಲ್ಲಿ ಅಡಗಿಸಿದ. ತಾನು ಉತ್ತರದಲ್ಲಿ, ನಡುವೆ ಕಣಿವೆಯೊಂದನ್ನು ಬಿಟ್ಟು, ಎಲ್ಲರಿಗೂ ಕಾಣುವಂತೆ ಇಳಿದುಕೊಂಡ. ಆರನೆಯ ವಚನವನ್ನು ಮಕ್ಕಳಿಗೆ ನಿಧಾನವಾಗಿ ಓದಿಸಿ. ಮೊದಲಿನ ಹಾಗೆಯೇ ಇವರು ಓಡಿಹೋಗುತ್ತಿದ್ದಾರೆಂದು ಆಯಿಯವರು ಅಂದುಕೊಳ್ಳುವರು, ಎನ್ನುತ್ತಾನೆ. ಹಿಂದಿನ ಅಧ್ಯಾಯದಲ್ಲಿ ಆಯಿಯವರ ಎದುರು 36 ಜನರು ಸತ್ತು ಜನರ ಎದೆ ನೀರಾಗಿದ್ದ ಆ ಸೋಲನ್ನೇ ಈಗ ಗಾಳಕ್ಕೆ ಸಿಕ್ಕಿಸಿದ್ದಾನೆ! ಏಳನೆಯ ವಚನದಲ್ಲಿ, ಎದ್ದು ಪಟ್ಟಣವನ್ನು ಹಿಡಿಯಿರಿ ಎಂಬ ಅಪ್ಪಣೆಗೆ ತಾಗಿಯೇ, ದೇವರು ಅದನ್ನು ನಿಮ್ಮ ಕೈಗೆ ಕೊಡುವನು ಎಂಬ ಮಾತೂ ಬರುತ್ತದೆ. ಅವನ ಬಾಯಲ್ಲಿ ಎರಡೂ ಒಂದೇ ಉಸಿರಿನ ಮಾತು.

ಉತ್ತರ 2

ಇದಕ್ಕೆ ಮುಂದೆ ಅರಸನಾದ ದಾವೀದನನ್ನೂ ಸೇರಿಸಬಹುದು. ಎರಡನೆಯ ಸಮುವೇಲ 5ರಲ್ಲಿ ಎರಡು ಸಲವೂ ಅದೇ ರೆಫಾಯೀಮ್ ತಗ್ಗು, ಅದೇ ಶತ್ರುಗಳಾದ ಫಿಲಿಷ್ಟಿಯರು; ಮೊದಲ ಸಲ ಏರಿಹೋಗು ಎಂಬ ಉತ್ತರ ಬಂತು, ಎರಡನೆಯ ಸಲ ನೇರವಾಗಿ ಹೋಗಬೇಡ, ಸುತ್ತಿಕೊಂಡು ಹಿಂದಿನಿಂದ ಹೋಗು, ಮರಗಳ ತುದಿಯಲ್ಲಿ ಹೆಜ್ಜೆಯ ಸಪ್ಪಳ ಕೇಳಿದೊಡನೆ ಮುನ್ನುಗ್ಗು ಎಂದು ಬಂತು. ಮೊದಲ ಗೆಲುವಿನ ಉಪಾಯವನ್ನೇ ಕಣ್ಣುಮುಚ್ಚಿ ಮತ್ತೆ ಬಳಸದೆ ದಾವೀದ ಪುನಃ ವಿಚಾರಿಸಿದ್ದೇ ನನಗೆ ದೊಡ್ಡದಾಗಿ ಕಾಣುತ್ತದೆ. ಇದಕ್ಕೆ ವಿರುದ್ಧವಾದ ಚಿತ್ರ ಮೊದಲನೆಯ ಸಮುವೇಲ 4ರಲ್ಲಿದೆ: ಯಾರೂ ದೇವರನ್ನು ವಿಚಾರಿಸದೆ ಮಂಜೂಷವನ್ನು (ದೇವರ ಒಡಂಬಡಿಕೆಯ ಪೆಟ್ಟಿಗೆಯನ್ನು) ರಣರಂಗಕ್ಕೆ ಹೊತ್ತು ತಂದರು, ಭೂಮಿ ನಡುಗುವಂತೆ ಆರ್ಭಟಿಸಿದರು, ಯೆರಿಕೋವಿನ ಆರ್ಭಟದ ನೆನಪೇ ಇರಬೇಕು. 30,000 ಕಾಲಾಳುಗಳು ಬಿದ್ದರು, ಮಂಜೂಷವೂ ಶತ್ರುವಿನ ಪಾಲಾಯಿತು.

ಉತ್ತರ 3

ಒಂದು ಎಚ್ಚರಿಕೆ. ಎರಡು ಮೂರು ಸಾವಿರ ಜನ ಸಾಕೆಂದ ಗೂಢಚಾರರ ಅಹಂಕಾರವೇ ಆಯಿಯ ಮೊದಲ ಸೋಲಿಗೆ ಕಾರಣವೆಂದು ಪ್ರಸಂಗಗಳಲ್ಲಿ ಕೇಳುತ್ತೇವೆ. ಗ್ರಂಥ ಹೆಸರಿಸುವ ಕಾರಣ, ಯೆರಿಕೋವಿನಲ್ಲಿ ಮುಟ್ಟಬಾರದೆಂದಿದ್ದ ಕೊಳ್ಳೆಯನ್ನು ಕದ್ದ ಆಕಾನನದು: ಶಿನಾರ್ ದೇಶದ ನಿಲುವಂಗಿ, 200 ಶೆಕೆಲ್ ಬೆಳ್ಳಿ, 50 ಶೆಕೆಲಿನ ಚಿನ್ನದ ಗಟ್ಟಿ, ಎಲ್ಲವೂ ಅವನ ಡೇರೆಯ ನೆಲದಡಿಯಲ್ಲಿ. ಸೈನ್ಯ ಹೆಚ್ಚಿಸಿದ್ದು ಆ ಲೆಕ್ಕ ತೀರಿದ ಮೇಲೆ. ಇನ್ನು, 12,000 ಗಂಡಸರೂ ಹೆಂಗಸರೂ ಸತ್ತರೆಂಬ 25ನೆಯ ವಚನವನ್ನು ಮಕ್ಕಳ ಮುಂದೆ ಹಾರಿಸಿಬಿಡಬೇಡಿ. ಮುಂದಿನ ವಾರದ ಪ್ರಶ್ನೆ ಅದೇ ಆಗಿರುತ್ತದೆ.

ಪ್ರಶ್ನೆ ಕೇಳಿದವರು

ಆರನೆಯ ವಚನವನ್ನು ನಾನು ಎಷ್ಟೋ ಸಲ ಓದಿದ್ದರೂ "ಮೊದಲಿನ ಹಾಗೆಯೇ" ಎಂಬಲ್ಲಿ ನಿಂತಿರಲಿಲ್ಲ. ಈ ಭಾನುವಾರ ಬೇತೇಲ್, ಕಣಿವೆ, ಪಾಳೆಯ ಎಲ್ಲವನ್ನೂ ಬೋರ್ಡಿನ ಮೇಲೆ ಬರೆದು, ಹೊಂಚು ಹಾಕಿದವರನ್ನು ಎಲ್ಲಿ ಕೂರಿಸಬೇಕೆಂದು ಆ ಹುಡುಗನನ್ನೇ ಕೇಳುತ್ತೇನೆ. 25ನೆಯ ವಚನಕ್ಕೆ ನನ್ನ ಬಳಿ ಇನ್ನೂ ಉತ್ತರವಿಲ್ಲ.