ಒಳಗೆ ಸರಿಯುವ ನಲ್ಲಿ: ಬೆಂಗಳೂರಿಗೆ ಹೋದರೆ ತಾನೇ ಹೊರಗೆ ಬರುತ್ತದೆ, ಮಂಗಳೂರಿಗೆ ಹೋದರೆ ಒಳಗೇ ಕಚ್ಚಿಕೊಳ್ಳುತ್ತದೆ

ಕೊಬ್ಬರಿಗಾಣ:

ಎಲ್ಲರಿಗೂ ನಮಸ್ಕಾರ. ತಿಪಟೂರು ಹತ್ತಿರ ನಮ್ಮದೊಂದು ಚಿಕ್ಕ ಗಾಣ ಇದೆ. ಕೊಬ್ಬರಿ ಎಣ್ಣೆಯನ್ನು 20 ಲೀಟರ್ ಎಚ್‌ಡಿಪಿಇ ಪ್ಲಾಸ್ಟಿಕ್ ಕ್ಯಾನಿಗೆ ತುಂಬಿ ಬೆಂಗಳೂರು, ಮಂಗಳೂರಿನ ಮೆಸ್ ಮತ್ತು ಹೋಟೆಲುಗಳಿಗೆ ಪಾರ್ಸೆಲ್ ಲಾರಿಯಲ್ಲಿ ಕಳಿಸುತ್ತೇವೆ. ತುಂಬಿದ ಕ್ಯಾನ್ ಎತ್ತಿ ಬಗ್ಗಿಸುವುದು ಅಡುಗೆಯವರಿಗೆ ಕಷ್ಟ. ಅದಕ್ಕೆ ಕೆಳಗೂ ಒಂದು ಬಾಯಿ ಇರುವ ಕ್ಯಾನ್ ತರಿಸಿ ನಲ್ಲಿ ಹಾಕಿದ್ದೆ. ಹೊರಗೆ ಚಾಚಿದ ನಲ್ಲಿ ಲೋಡ್ ಮಾಡುವಾಗಲೇ ಮುರಿಯುತ್ತಿತ್ತು. ಹಾಗಾಗಿ ಒಳಗೆ ಸರಿಯುವ ನಲ್ಲಿಯನ್ನು ನಾನೇ ಡಿಸೈನ್ ಮಾಡಿ ಪಿಇಟಿಜಿ ಅನ್ನುವ ಪ್ಲಾಸ್ಟಿಕ್ಕಿನಲ್ಲಿ 3ಡಿ ಪ್ರಿಂಟ್ ತೆಗೆಸಿದೆ.

ರಚನೆ ಇಷ್ಟೇ. 32 ಮಿ.ಮೀ. ಕೊಳವೆ ಒಂದು ತೋಳಿನೊಳಗೆ, ಅಂದರೆ ಹೊರಗಿನ ಕೊಳವೆಯೊಳಗೆ, ಜಾರುತ್ತದೆ. ಒಳತುದಿ ಎಣ್ಣೆಗೆ ತೆರೆದಿದೆ, ಹೊರತುದಿ ಮುಚ್ಚಿದೆ. ಹೊರತುದಿಯ ಹತ್ತಿರ ಕೆಳಮುಖವಾಗಿ ಒಂದು ತೂತು. ಒತ್ತಿದರೆ ತೂತು ಎರಡು ಓ-ರಿಂಗ್‌ಗಳ (ಸೋರದಂತೆ ತಡೆಯುವ ರಬ್ಬರ್ ಬಳೆಗಳ) ನಡುವೆ ಅಡಗುತ್ತದೆ. ಎಳೆದರೆ ತೂತು ಹೊರಗೆ ಬಂದು ಎಣ್ಣೆ ಹರಿಯುತ್ತದೆ.

ಮನೆಯಲ್ಲಿ ಚೆನ್ನಾಗಿಯೇ ಇತ್ತು. ಪ್ರಯೋಗಕ್ಕೆ ಅಂತ ಏಪ್ರಿಲ್‌ನಲ್ಲಿ ಬೆಂಗಳೂರಿಗೆ 12 ಕ್ಯಾನ್ ಕಳಿಸಿದೆ. ನಾಲ್ಕರಲ್ಲಿ ನಲ್ಲಿ ಒಂದು ಸೆಂಟಿಮೀಟರ್ ಹೊರಗೆ ಬಂದು ಎಣ್ಣೆ ಸೋರಿತ್ತು. ಮಂಗಳೂರಿಗೆ ಹೋದ ಆರರಲ್ಲಿ ಒಂದೂ ಹೊರಗೆ ಬಂದಿಲ್ಲ, ಆದರೆ ಎಳೆದರೂ ಬರುತ್ತಿಲ್ಲ. ಕ್ಯಾನಿನ ಪಕ್ಕಗಳು ಒಳಗೆ ಕುಗ್ಗಿದ್ದವು ಅಂತ ಫೋನ್ ಬಂತು. ಒಬ್ಬರು ಇಕ್ಕಳ ಹಾಕಿ ಎಳೆದು ನಲ್ಲಿಯ ತುಟಿ ಕಿತ್ತುಬಂದಿದೆ. ಒಂದೇ ನಲ್ಲಿ, ಎರಡು ಊರು, ಎರಡು ಉಲ್ಟಾ ರೋಗ. ತಲೆ ಕೆಟ್ಟು ಹೋಗಿದೆ. ದಾರಿ ತೋರಿಸಿ.

ಲೇತ್‌ಮನೆ:

ಮೊದಲು ಕೆಲವು ವಿಷಯ ಹೇಳಿ. ಓ-ರಿಂಗ್ ಯಾವ ರಬ್ಬರು, ಎಲ್ಲಿ ತಗೊಂಡಿರಿ? ರಿಂಗಿನ ದಾರದ ದಪ್ಪ ಎಷ್ಟು, ಅದು ಕೂರುವ ತೋಡಿನ ಆಳ ಅಗಲ ಎಷ್ಟು? ಸೋರಿದ ನಾಲ್ಕು ಕ್ಯಾನ್ ಲಾರಿಯಲ್ಲಿ ಎಲ್ಲಿದ್ದವು, ಮೇಲೋ ಕೆಳಗೋ? ನಲ್ಲಿ ಹೊರಗೆ ಬರದ ಕ್ಯಾನುಗಳಲ್ಲಿ ಬಾಯಿ ಸುತ್ತ ಜಿಡ್ಡು ಇತ್ತಾ? ಮಂಗಳೂರಿನವರು ಮೇಲಿನ ಮುಚ್ಚಳ ಸಡಿಲಿಸಿದಾಗ ಉಸ್ ಅಂತ ಶಬ್ದ ಬಂತಾ? ಕೊನೆಯದನ್ನು ದಯವಿಟ್ಟು ಫೋನ್ ಮಾಡಿ ಕೇಳಿ. ಅದರಲ್ಲೇ ಅರ್ಧ ಉತ್ತರ ಇದೆ ಅಂತ ನನಗೆ ಅನಿಸುತ್ತಿದೆ.

ಕೊಬ್ಬರಿಗಾಣ:

ಕೇಳಿದೆ. ಉಸ್ ಅಂದಿತಂತೆ, ಗಾಳಿ ಒಳಗೆ ಎಳೆದುಕೊಂಡ ಹಾಗೆ. ಆಮೇಲೆ ಕುಗ್ಗಿದ ಪಕ್ಕಗಳು ತಾವೇ ಸರಿಯಾದವು. ನಲ್ಲಿ ಸ್ವಲ್ಪ ಸಡಿಲವಾಯಿತು, ಆದರೂ ಬಿಗಿಯೇ.

ಸೋರಿದ ನಾಲ್ಕೂ ಕೆಳಸಾಲಿನವು. ಒಂದರ ಮೇಲೆ ಒಂದು ಮೂರು ಇಟ್ಟಿದ್ದರು. ಲಾರಿ ಒಂದು ಮಧ್ಯಾಹ್ನ ಪೂರ್ತಿ ಬಿಸಿಲಲ್ಲಿ ನಿಂತಿತ್ತು. ಉಳಿದ ಎಂಟರಲ್ಲೂ ಬಾಯಿ ಸುತ್ತ ತೆಳ್ಳಗೆ ಜಿಡ್ಡು ಇತ್ತು.

ಓ-ರಿಂಗ್ ಪೈಪ್ ಫಿಟಿಂಗ್ ಅಂಗಡಿಯದ್ದು. ಕುಡಿಯುವ ನೀರಿಗೆ ಒಳ್ಳೆಯದು, ಇಪಿಡಿಎಂ ಅಂದರು. ದಾರ 2.65 ಮಿ.ಮೀ., ತೋಡಿನ ಆಳ 2.2, ಅಗಲ 3.2.

ಲೇತ್‌ಮನೆ:

ಇಪಿಡಿಎಂ ನೀರಿಗೆ ಬಹಳ ಒಳ್ಳೆಯ ರಬ್ಬರು. ಎಣ್ಣೆಗೆ ಆಗುವುದಿಲ್ಲ. ಅಡುಗೆ ಎಣ್ಣೆಯಾಗಲಿ ಎಂಜಿನ್ ಆಯಿಲ್ ಆಗಲಿ, ಅದನ್ನು ಹೀರಿಕೊಂಡು ಊದುತ್ತದೆ. ನೀವೇ ನೋಡಿ. ಹೊಸ ರಿಂಗ್ ಒಂದನ್ನು ನಿಮ್ಮ ಎಣ್ಣೆಯಲ್ಲಿ ಒಂದು ವಾರ ನೆನೆಹಾಕಿ, ಮೊದಲು ಮತ್ತು ಆಮೇಲೆ ವರ್ನಿಯರ್ ಹಿಡಿದು ದಪ್ಪ ಅಳೆಯಿರಿ.

ನಿಮ್ಮ ತೋಡಿನ ಲೆಕ್ಕ ತಪ್ಪಿಲ್ಲ. 2.65ರ ದಾರವನ್ನು 2.2ಕ್ಕೆ ಒತ್ತಿದ್ದೀರಿ, ಅಂದರೆ 17 ಪರ್ಸೆಂಟ್ ಹಿಂಡಿಕೆ. ಜಾರುವ ಜಾಗಕ್ಕೆ ಅದು ಸರಿ. ಆದರೆ ತೋಡಿನ ಜಾಗದಲ್ಲಿ 78 ಪರ್ಸೆಂಟ್ ಆಗಲೇ ತುಂಬಿದೆ. ರಬ್ಬರು ಆಕಾರ ಬದಲಿಸುತ್ತದೆ, ಗಾತ್ರ ಕಡಿಮೆ ಮಾಡಿಕೊಳ್ಳುವುದಿಲ್ಲ. ಊದಿದರೆ ಅದಕ್ಕೆ ಹೋಗಲು ಜಾಗ ಬೇಕು. ಜಾಗ ಇಲ್ಲದಿದ್ದರೆ ಕೊಳವೆಯನ್ನೇ ಹಿಡಿದುಕೊಳ್ಳುತ್ತದೆ. ಮುಚ್ಚಳ ಸಡಿಲಿಸಿದ ಮೇಲೂ ಬಿಗಿ ಇದ್ದದ್ದು ಇದರಿಂದ.

ಫುಡ್ ಗ್ರೇಡ್ ಎನ್‌ಬಿಆರ್ (ನೈಟ್ರೈಲ್ ರಬ್ಬರು) ಹಾಕಿ. ದುಡ್ಡು ಜಾಸ್ತಿ ಆದರೂ ಪರವಾಗಿಲ್ಲ ಅಂದರೆ ಎಫ್‌ಕೆಎಂ, ಅದನ್ನೇ ಅಂಗಡಿಯಲ್ಲಿ ವೈಟಾನ್ ಅಂತಾರೆ. ಸಿಲಿಕಾನ್ ನೋಡಲು ಚೆಂದ, ಆದರೆ ಜಾರುವ ಜಾಗದಲ್ಲಿ ಬೇಗ ಹರಿಯುತ್ತದೆ. ತೋಡಿನ ಅಗಲ 3.6ಕ್ಕೆ ಏರಿಸಿ.

ಜಿಡ್ಡಿನ ಕಾರಣ ಬೇರೆ. 3ಡಿ ಪ್ರಿಂಟ್‌ನಲ್ಲಿ ಪ್ರತಿ ಪದರ ಶುರುವಾಗುವ ಜಾಗದಲ್ಲಿ ಒಂದು ಗೆರೆ ಉಳಿಯುತ್ತದೆ, ಸೀಮ್. ತೋಳಿನ ಒಳಮೈಯಲ್ಲಿ ಬೆರಳಾಡಿಸಿ, ಉದ್ದಕ್ಕೆ ಸಿಗುತ್ತದೆ. ಆ ಗೆರೆಯ ಪಕ್ಕದ ಸಂದಿನಲ್ಲೇ ಎಣ್ಣೆ ಎರಡೂ ರಿಂಗ್ ದಾಟಿ ಹೊರಗೆ ಬರುತ್ತದೆ. ರಬ್ಬರು ಎಷ್ಟೇ ಒಳ್ಳೆಯದಾದರೂ ಅದು ನಿಲ್ಲುವುದಿಲ್ಲ. ತೋಳನ್ನು ಅರ್ಧ ಮಿ.ಮೀ. ಚಿಕ್ಕದಾಗಿ ಪ್ರಿಂಟ್ ತೆಗೆದು ಲೇತಿನಲ್ಲಿ ಬೋರ್ ಮಾಡಿಸಿ, ಅಂದರೆ ಒಳಮೈ ಕೊರೆದು ನಯ ಮಾಡಿಸಿ.

ಮೋಲ್ಡಿಂಗ್:

ರಬ್ಬರಿನ ಮಾತು ಒಪ್ಪುತ್ತೇನೆ. ಆದರೆ ಎನ್‌ಬಿಆರ್ ಹಾಕಿ ಬೋರ್ ಮಾಡಿದರೂ ಇನ್ನೊಂದು ಏಪ್ರಿಲ್‌ನಲ್ಲಿ ಈ ನಲ್ಲಿ ಮತ್ತೆ ಹೊರಗೆ ಬರುತ್ತದೆ. ಊದಿದ ರಿಂಗ್ ಹಿಡಿದುಕೊಂಡಿದ್ದರಿಂದಲೇ ಎಂಟು ಕ್ಯಾನ್ ಉಳಿದಿರಬಹುದು. ಬಲದ ಲೆಕ್ಕ ನೋಡಿ.

32 ಮಿ.ಮೀ. ಕೊಳವೆಯ ಅಡ್ಡಕೊಯ್ತದ ಜಾಗ 8 ಚದರ ಸೆಂ.ಮೀ. ಒಳಗಿನ ಒತ್ತಡ ಇಷ್ಟೂ ಜಾಗದ ಮೇಲೆ ಹೊರಕ್ಕೆ ತಳ್ಳುತ್ತದೆ. 30 ಸೆಂ.ಮೀ. ಎಣ್ಣೆಯ ಒತ್ತಡ ಸುಮಾರು 2.7 ಕಿಲೋಪಾಸ್ಕಲ್. ಕ್ಯಾನಿನ ತಲೆಯಲ್ಲಿರುವ ಗಾಳಿ 30 ಡಿಗ್ರಿಯಿಂದ 58ಕ್ಕೆ ಕಾದರೆ, ಕ್ಯಾನ್ ಉಬ್ಬದೆ ನಿಂತರೆ, ಇನ್ನೊಂದು 9. ಕೆಳಸಾಲಿನ ಕ್ಯಾನ್ ಮೇಲೆ ತುಂಬಿದ ಎರಡು ಕ್ಯಾನ್, ಹತ್ತಿರ ಹತ್ತಿರ 39 ಕೆ.ಜಿ., ಅದರಿಂದ ಐದು. ಎಲ್ಲಾ ಸೇರಿ 17. ಅಂದರೆ ನಲ್ಲಿಯ ಮೇಲೆ 1.4 ಕೆ.ಜಿ. ತಳ್ಳು. ನಿಂತಲ್ಲೇ ಇದ್ದರೆ ರಬ್ಬರಿನ ಹಿಡಿತ ಅದನ್ನು ತಡೆದೀತು. ಲಾರಿಯ ಅದುರಿನಲ್ಲಿ ಹಿಡಿತ ಪ್ರತಿ ಸಲ ಸ್ವಲ್ಪ ಬಿಡುತ್ತದೆ, ಕೊಳವೆ ಕೂದಲೆಳೆ ಕೂದಲೆಳೆ ಹೊರಗೆ ನಡೆಯುತ್ತದೆ. ಕೆಳಸಾಲಿನವೇ ಸೋರಿದ್ದು ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಮಂಗಳೂರಿನದು ಘಾಟಿಯ ಕಥೆ. ತಿಪಟೂರು ಸಮುದ್ರ ಮಟ್ಟದಿಂದ ಸುಮಾರು 850 ಮೀಟರ್ ಮೇಲೆ. ಅಲ್ಲಿನ ಗಾಳಿಯನ್ನು ಒಳಗೆ ಕಟ್ಟಿ ಕರಾವಳಿಗೆ ಇಳಿಸಿದರೆ ಹೊರಗಿನ ಒತ್ತಡ ಸುಮಾರು 9 ಕಿಲೋಪಾಸ್ಕಲ್ ಜಾಸ್ತಿ. ಕ್ಯಾನಿನ ಒಂದು ಪಕ್ಕ 30ಕ್ಕೆ 35 ಸೆಂ.ಮೀ. ಅಂದುಕೊಂಡರೂ ಅದರ ಮೇಲೆ 95 ಕೆ.ಜಿ. ತೂಕ ಕೂತ ಹಾಗೆ. ಪ್ಲಾಸ್ಟಿಕ್ ಕುಗ್ಗಲೇಬೇಕು. ನಲ್ಲಿಯನ್ನೂ ಅದೇ ಗಾಳಿ ಒಳಕ್ಕೆ ಒತ್ತಿ ಹಿಡಿದಿತ್ತು. ಬೆಂಗಳೂರು ಹೆಚ್ಚುಕಮ್ಮಿ ನಿಮ್ಮೂರಿನ ಎತ್ತರದಲ್ಲೇ ಇದೆ, ಅಲ್ಲಿಗೆ ಹೋಗುವ ಕ್ಯಾನಿಗೆ ಈ ಒತ್ತು ಸಿಗುವುದಿಲ್ಲ.

ಮೂಲ ತಪ್ಪು ಅಂತ ನನಗೆ ಕಾಣುವುದು ಇದು. ನಿಮ್ಮ ನಲ್ಲಿ ತೆರೆಯುವ ದಿಕ್ಕು ಮತ್ತು ಒಳಗಿನ ಒತ್ತಡ ತಳ್ಳುವ ದಿಕ್ಕು ಎರಡೂ ಒಂದೇ. ಒಳಗಿನಿಂದ ಹಾಕುವ ಮುಚ್ಚಳದ ಹಾಕಿನ್ಸ್ ಕುಕ್ಕರ್ ನೆನಪಿಸಿಕೊಳ್ಳಿ. ಆವಿ ಏರಿದಷ್ಟೂ ಮುಚ್ಚಳ ಬಾಯಿಗೆ ಬಿಗಿಯಾಗುತ್ತದೆ. ಒತ್ತಡದ ಕೈಯಲ್ಲೇ ಬಾಗಿಲು ಹಾಕಿಸಬೇಕು.

ಹಾಗಾಗಿ ಕೊಳವೆಯಿಂದ ವಾಲ್ವ್ ಕೆಲಸ ಕಿತ್ತುಹಾಕಿ. ಒಳತುದಿಯಲ್ಲಿ, ಎಣ್ಣೆಯ ಕಡೆಗೆ, ಒಂದು ಶಂಕುವಿನಾಕಾರದ ಪ್ಲಗ್ ಇಡಿ. ಒಳಗಿನ ಒತ್ತಡ ಅದನ್ನು ಸೀಟಿಗೆ, ಅಂದರೆ ಅದು ಕೂರುವ ಅಂಚಿಗೆ, ಒತ್ತಬೇಕು. ಕೊಳವೆ ಪ್ಲಗ್ಗಿನ ಈಚೆ, ಒಣಗಿದ ಗೂಡಿನಲ್ಲಿ ಇರಲಿ. ಎಳೆದರೆ ಸುಮ್ನೆ ಹೊರಗೆ ಬರಲಿ, ಹನಿಯೂ ಬರಬಾರದು. ಕಾಲು ಸುತ್ತು ತಿರುಗಿಸಿದಾಗ ಮಾತ್ರ ಕ್ಯಾಮ್ (ತಿರುಗಿದಾಗ ತಳ್ಳುವ ಉಬ್ಬು) ಪ್ಲಗ್ಗನ್ನು ಒಳಗೆ ತಳ್ಳಿ ತೆರೆಯಲಿ. ಗೂಡಿನ ಬಾಯಿಗೆ ಗ್ಯಾಸ್ಕೆಟ್ ಇರುವ ತಿರುಪು ಮುಚ್ಚಳ ಹಾಕಿ, ಸೀಲ್ ಪಟ್ಟಿ ಸಮೇತ. ದಾರಿಯಲ್ಲಿ ಸೋರದಂತೆ ಕಾಯುವುದು ಪ್ಲಗ್ ಮತ್ತು ಮುಚ್ಚಳದ ಕೆಲಸ. ಕೊಳವೆಯ ಕೆಲಸ ಎಣ್ಣೆ ಸುರಿಸುವುದು ಅಷ್ಟೇ.

ಡೈರಿಪ್ಲಾಂಟ್:

ಒಣ ಗೂಡಿನ ಮಾತಿಗೆ ನನ್ನದೂ ಓಟು, ಬೇರೆ ಕಾರಣಕ್ಕೆ. ಈಗಿನ ಡಿಸೈನಿನಲ್ಲಿ ಹೊರಗೆ ಬಂದು ಧೂಳು, ಕೈ, ಅಡುಗೆಮನೆಯ ಹೊಗೆ ಕಂಡ ಮೈ ಮತ್ತೆ ಎಣ್ಣೆಯ ಕಡೆಗೆ ಹೋಗುತ್ತದೆ. ತಿನ್ನುವ ಪದಾರ್ಥಕ್ಕೆ ಇದು ಬೇಡವೇ ಬೇಡ. ಕೊಳವೆಯಲ್ಲಿ ಉಳಿದ ಎಣ್ಣೆ ಗಾಳಿಗೆ ಸಿಕ್ಕಿ ಕಮಟು ಬರುತ್ತದೆ, ಮುಂದಿನ ಸಲ ಮೊದಲು ಹರಿಯುವುದು ಅದೇ. ಕೊಳವೆ ಪೂರ್ತಿ ಬಿಚ್ಚಿ ಬಿಸಿನೀರಿನಲ್ಲಿ ತೊಳೆಯುವ ಹಾಗೆ ಇರಲಿ.

ಪ್ರಿಂಟ್ ತೆಗೆದದ್ದನ್ನು ಪ್ರಯೋಗಕ್ಕೆ ಮಾತ್ರ ಇಟ್ಟುಕೊಳ್ಳಿ. ಪದರಗಳ ಸಂದಿನಲ್ಲಿ ಕೂತ ಜಿಡ್ಡು ತೊಳೆದರೂ ಹೋಗುವುದಿಲ್ಲ. ಮಾರುವ ಮಾಲಿಗೆ ಆಹಾರಕ್ಕೆ ತಕ್ಕ ಪಾಲಿಪ್ರೊಪಿಲೀನ್ ಅಥವಾ ಪಾಲಿಎಥಿಲೀನ್ ಬೇಕು. ಭಾರತೀಯ ಮಾನಕಗಳು ಹೀಗಿವೆ: ಪಾಲಿಎಥಿಲೀನ್‌ಗೆ ಐಎಸ್ 10146, ಪಾಲಿಪ್ರೊಪಿಲೀನ್‌ಗೆ ಐಎಸ್ 10910. ಪ್ಲಾಸ್ಟಿಕ್ಕಿನಿಂದ ಆಹಾರಕ್ಕೆ ಎಷ್ಟು ಇಳಿಯುತ್ತದೆ ಅನ್ನುವ ಪರೀಕ್ಷೆಗೆ ಐಎಸ್ 9845. ಪ್ಲಾಸ್ಟಿಕ್ ಕಾಳು ಕೊಳ್ಳುವಾಗಲೇ ಸರ್ಟಿಫಿಕೇಟ್ ಕೇಳಿ ಇಟ್ಟುಕೊಳ್ಳಿ.

ಪಾರ್ಸೆಲ್‌ಅನುಭವ:

ಇಷ್ಟೆಲ್ಲ ಯಾಕೆ? ಕ್ಯಾನಿಗೆ ಗಟ್ಟಿ ಬಿರಡೆ ಹಾಕಿ, ಸಾದಾ ನಲ್ಲಿಯನ್ನು ಕವರಿನಲ್ಲಿ ಕಟ್ಟಿ ಜೊತೆಗೆ ಕಳಿಸಿ. ಅವರೇ ಹಾಕಿಕೊಳ್ಳುತ್ತಾರೆ. ಪೆಟ್ರೋಲ್ ಕ್ಯಾನಿನಲ್ಲಿ ಮೂತಿಯನ್ನು ತಿರುಗಿಸಿ ಒಳಗೆ ಇಡುತ್ತಾರಲ್ಲ, ಅದೂ ಒಂದು ದಾರಿ.

ಕೊಬ್ಬರಿಗಾಣ:

ಮೊದಲನೆಯದನ್ನು ಮಾಡಿ ನೋಡಿದ್ದೇನೆ. ಕೆಳಗಿನ ಬಿರಡೆ ತೆಗೆಯಲು ತುಂಬಿದ ಕ್ಯಾನನ್ನು ಮಲಗಿಸಬೇಕು. ಅಡುಗೆಮನೆಯ ಗಡಿಬಿಡಿಯಲ್ಲಿ ಎಣ್ಣೆ ಚೆಲ್ಲಿ ಒಬ್ಬರು ಜಾರಿ ಬಿದ್ದರು. ಆಮೇಲೆ ನನಗೆ ಅದು ಬೇಡ ಅನಿಸಿತು. ಮೂತಿ ತಿರುಗಿಸಿ ಎಣ್ಣೆಯೊಳಗೆ ಇಡುವುದಕ್ಕೆ ಮೇಲೆ ಡೈರಿಯವರು ಹೇಳಿದ ತೊಂದರೆಯೇ ಅಡ್ಡ ಬರುತ್ತದೆ.

ಮೋಲ್ಡಿಂಗ್ ಅವರಿಗೆ ಒಂದು ಪ್ರಶ್ನೆ. ಘಾಟಿ ಇಳಿಯುವಾಗ ಹೊರಗಿನ ಒತ್ತಡ ಜಾಸ್ತಿ ಅಂದಿರಿ. ಹಾಗಾದರೆ ಅದೇ ಒತ್ತಡ ಪ್ಲಗ್ಗನ್ನು ಒಳಗೆ ತಳ್ಳಿ ತೆರೆಯಲ್ವಾ?

ಮೋಲ್ಡಿಂಗ್:

ಒಳ್ಳೆಯ ಪ್ರಶ್ನೆ. ಗೂಡಿನ ಮುಚ್ಚಳ ಬಿಗಿಯಾಗಿದ್ದರೆ ಗೂಡಿನಲ್ಲೂ ತಿಪಟೂರಿನ ಗಾಳಿಯೇ ಇರುತ್ತದೆ, ಹಾಗಾಗಿ ತಳ್ಳು ಇರುವುದಿಲ್ಲ. ಮುಚ್ಚಳ ಸೋರಿತು ಅಂತಲೇ ಇಟ್ಟುಕೊಳ್ಳೋಣ. ಸೀಟನ್ನು 16 ಮಿ.ಮೀ. ಮಾಡಿದರೆ ಅದರ ಜಾಗ 2 ಚದರ ಸೆಂ.ಮೀ. 9 ಕಿಲೋಪಾಸ್ಕಲ್‌ಗೆ ತಳ್ಳು 185 ಗ್ರಾಂ. ಅರ್ಧ ಕೆ.ಜಿ. ಒತ್ತುವ ಚಿಕ್ಕ ಸ್ಟೇನ್‌ಲೆಸ್ ಸ್ಪ್ರಿಂಗ್ ಹಿಂದೆ ಕೂರಿಸಿ, ಸಾಕು. ಎಣ್ಣೆ ಹರಿಸುವ ಮೊದಲು ಮೇಲಿನ ಮುಚ್ಚಳ ಸಡಿಲಿಸಬೇಕು ಅಂತ ಕ್ಯಾನ್ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಿರಿ. ಗಾಳಿ ಒಳಗೆ ಹೋಗದಿದ್ದರೆ ಎಣ್ಣೆ ಗುಳುಗುಳು ಅಂತ ನಿಂತು ನಿಂತು ಬರುತ್ತದೆ.

ಚಳಿಗಾಲದ ಮಾತು ಯಾರೂ ಎತ್ತಿಲ್ಲ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ. ಹಳೆ ನಲ್ಲಿಯಲ್ಲಿ ಕೊಳವೆ ತುಂಬ ಯಾವಾಗಲೂ ಎಣ್ಣೆ. ಜನವರಿ ಬೆಳಿಗ್ಗೆ ಅದು ಮೇಣದ ಬಿರಡೆ ಆಗಿರುತ್ತದೆ. ಒಣ ಗೂಡಾದರೆ ಕೊಳವೆಯಾದರೂ ಸಲೀಸಾಗಿ ಹೊರಗೆ ಬರುತ್ತದೆ. ಕ್ಯಾನಿನೊಳಗಿನ ಎಣ್ಣೆ ಕರಗಲು ಬಿಸಿನೀರಿನ ಟಬ್ಬೇ ಗತಿ. ಪ್ಲಗ್ ಗಟ್ಟಿ ಎಣ್ಣೆಯಲ್ಲಿ ಹೂತಿರುವಾಗ ಜೋರಾಗಿ ತಿರುಗಿಸಿದರೆ ಕ್ಯಾಮ್ ಮುರಿಯುತ್ತದೆ, ಆ ಭಾಗಕ್ಕೆ ಪ್ಲಾಸ್ಟಿಕ್ ದಪ್ಪ ಇಡಿ.

ಫಿನಾಯಿಲ್‌ತಯಾರಿ:

ಇದೇ ನಲ್ಲಿಯನ್ನು ಆಸಿಡ್ ಕ್ಯಾನಿಗೆ ಹಾಕಬಹುದಾ?

ಮೋಲ್ಡಿಂಗ್:

ದಯವಿಟ್ಟು ಬೇಡ. ಅಪಾಯದ ಸರಕಿಗೆ ಪ್ಯಾಕಿಂಗನ್ನು ಬೀಳಿಸಿ, ಒತ್ತಡ ಕೊಟ್ಟು ಪರೀಕ್ಷೆ ಮಾಡಿ ಯುಎನ್ (ವಿಶ್ವಸಂಸ್ಥೆ) ಗುರುತು ಪಡೆಯಬೇಕು. ಅದು ಬೇರೆಯೇ ಕೆಲಸ. ಸಾಬೂನಿನ ದ್ರಾವಣ ಕೂಡ ಒತ್ತಡದಲ್ಲಿರುವ ಪಾಲಿಎಥಿಲೀನನ್ನು ಕಾಲಕ್ರಮೇಣ ಬಿರುಕು ಬಿಡಿಸುತ್ತದೆ. ನಿಮ್ಮ ಪದಾರ್ಥದ ಬಗ್ಗೆ ಹೊಸ ಪ್ರಶ್ನೆ ಹಾಕಿ, ವಿವರವಾಗಿ ನೋಡೋಣ.

ಕೊಬ್ಬರಿಗಾಣ:

ಐದು ವಾರದ ನಂತರ ಬರೆಯುತ್ತಿದ್ದೇನೆ. ಒಂದು ವಾರ ನೆನೆಸಿದ ಇಪಿಡಿಎಂ ರಿಂಗ್ 2.65ರಿಂದ 2.9 ಮಿ.ಮೀ.ಗೆ ಊದಿತ್ತು. ಎನ್‌ಬಿಆರ್‌ನಲ್ಲಿ ನನ್ನ ವರ್ನಿಯರ್‌ಗೆ ವ್ಯತ್ಯಾಸವೇ ಸಿಗಲಿಲ್ಲ. ಸೀಮ್ ಗೆರೆ ಹೇಳಿದ ಜಾಗದಲ್ಲೇ ಇತ್ತು.

ಹೊಸ ನಲ್ಲಿ ಎರಡು ಮಾಡಿಸಿದೆ. ಒಳಗೆ ಪ್ಲಗ್, ಸ್ಪ್ರಿಂಗ್, ಒಣ ಗೂಡು. ಕೊಳವೆ ಹೊರಮೈ 18 ಮಿ.ಮೀ., ಒಳತೂತು 12. ಕ್ಯಾನನ್ನು 60 ಡಿಗ್ರಿ ನೀರಿರುವ ಡ್ರಮ್ಮಿನಲ್ಲಿ ನಾಲ್ಕು ಗಂಟೆ ಕೂರಿಸಿ, ಮೇಲೆ 40 ಕೆ.ಜಿ. ಮರಳಿನ ಮೂಟೆ ಹೇರಿದೆ. ಆಮೇಲೆ ಹೊರಗೆ ತೆಗೆದು ಒರೆಸಿ, ನ್ಯೂಸ್‌ಪೇಪರ್ ಹಾಸಿ ರಾತ್ರಿಯಿಡೀ ಇಟ್ಟೆ. ಒಂದು ಕ್ಯಾನಿನ ಪೇಪರ್ ಒಣಗಿತ್ತು. ಇನ್ನೊಂದರಲ್ಲಿ ರೂಪಾಯಿ ಅಗಲದ ಜಿಡ್ಡು. ಬಿಚ್ಚಿ ನೋಡಿದರೆ ಪ್ಲಗ್ ಸೀಟಿನಲ್ಲಿ ಕೊಬ್ಬರಿಯ ನಾರು ಸಿಕ್ಕಿಕೊಂಡಿತ್ತು. ಈಗ ತುಂಬುವ ಮೊದಲು ಇನ್ನೊಂದು ಸಲ ಸೋಸುತ್ತಿದ್ದೇನೆ, ಪ್ಲಗ್ಗಿನ ಹಿಂದೆ ಸಣ್ಣ ಜಾಲರಿಯೂ ಬಂದಿದೆ. ತುಂಬಿದ ಕ್ಯಾನಿನಿಂದ ಒಂದು ಲೀಟರ್ ಹರಿಯಲು 12 ಸೆಕೆಂಡ್ ಬೇಕು. ಅಡುಗೆಯವರಿಗೆ ಅಷ್ಟು ಸಾಕಂತೆ.

ಸೋಮವಾರ ಎರಡು ಕ್ಯಾನ್‌ಗಳೂ ಮಂಗಳೂರಿಗೆ ಹೊರಡುತ್ತವೆ, ಕೆಳಸಾಲಿನಲ್ಲೇ ಇಡಿಸುತ್ತೇನೆ. ಇಳಿಸಿದ ಕೂಡಲೇ ಅಲ್ಲಿನವರು ಫೋಟೋ ಕಳಿಸುತ್ತಾರೆ. ಬಂದದ್ದು ಬಂದ ಹಾಗೆ ಇಲ್ಲಿ ಹಾಕುತ್ತೇನೆ.