ಅಡ್ಮಿಟ್ ಮಾಡದೆ ಮಾತ್ರೆ ಚಟ ಬಿಡಿಸಬಹುದಾ ಡಾಕ್ಟ್ರೇ?

ಪ್ರಶ್ನೆ (ಹಾಸನದಿಂದ): ನಮಸ್ಕಾರ ಡಾಕ್ಟ್ರೇ. ನನ್ನ ತಮ್ಮನಿಗೆ 24 ವರ್ಷ. ಟ್ಯಾಪೆಂಟಡಾಲ್ ಅನ್ನೋ ನೋವಿನ ಮಾತ್ರೆಗೆ ಅಂಟಿಕೊಂಡು ಎರಡು ವರ್ಷವಾಯಿತು. ಬಿಡಬೇಕು ಅಂತ ಅವನಿಗೇ ಇದೆ. ಎರಡು ಸಲ ಬಿಟ್ಟ. ಎರಡೂ ಸಲ ಎರಡನೇ ದಿನಕ್ಕೆ ಮೈಕೈ ನೋವು, ಭೇದಿ, ನಿದ್ದೆ ಇಲ್ಲ ಅಂತ ಒದ್ದಾಡಿ ಮತ್ತೆ ನುಂಗಿದ. ಸೆಂಟರ್‌ಗೆ ಸೇರಿಸಿದರೆ ಕೆಲಸ ಹೋಗುತ್ತದೆ. ಮನೆಯಲ್ಲೇ ಇಟ್ಟುಕೊಂಡು ಬಿಡಿಸಬಹುದಾ?

ಉತ್ತರ (ಮನೋವೈದ್ಯ): ಬಿಡಿಸಬಹುದು ಮೇಡಂ, ಆದರೆ ಎಲ್ಲರಿಗೂ ಅಲ್ಲ. ಇವನು ಜೊತೆಗೆ ಕುಡಿಯುತ್ತಾನಾ? ನಿದ್ದೆ ಮಾತ್ರೆ ತಗೊಳ್ಳುತ್ತಾನಾ? ಯಾವತ್ತಾದರೂ ಫಿಟ್ಸ್ ಬಂದಿತ್ತಾ? ಇದರಲ್ಲಿ ಒಂದಕ್ಕೆ ಹೌದು ಅಂದರೂ ಅಡ್ಮಿಟ್ ಮಾಡುವುದೇ ಒಳ್ಳೆಯದು. ಇಲ್ಲ ಅಂದರೆ, ಮನೆಯಲ್ಲಿ ಒಬ್ಬರು ಸದಾ ಜೊತೆಗಿದ್ದರೆ, ಓಪಿಡಿಯಲ್ಲೇ ಮಾಡುತ್ತೇವೆ.

ಈ ಮಾತ್ರೆ ಅಫೀಮಿನ ಜಾತಿಯದು. ನಿಲ್ಲಿಸಿ ಅರ್ಧ ದಿನದೊಳಗೆ ಒದ್ದಾಟ ಶುರುವಾಗುತ್ತದೆ, ಎರಡು ಮೂರನೇ ದಿನ ಜೋರಾಗುತ್ತದೆ, ವಾರ ಹತ್ತು ದಿನದಲ್ಲಿ ಇಳಿಯುತ್ತದೆ. ನಿಮ್ಮ ತಮ್ಮ ಸೋತಿದ್ದು ಸರಿಯಾಗಿ ಆ ಜೋರಿನ ದಿನವೇ. ಅದು ಮನಸ್ಸಿನ ಬಲದ ಪ್ರಶ್ನೆ ಅಲ್ಲ, ದಯವಿಟ್ಟು ಬೈಯಬೇಡಿ.

ಬ್ಯುಪ್ರೆನಾರ್ಫಿನ್ ಅಂತ ನಾಲಿಗೆ ಕೆಳಗೆ ಇಡುವ ಮಾತ್ರೆ ಇದೆ. ಅದು ಒದ್ದಾಟ ತಡೆಯುತ್ತದೆ. ಆದರೆ ಮೊದಲ ಡೋಸ್ ಕೊಡುವ ಹೊತ್ತು ಬಹಳ ಮುಖ್ಯ. ಕೊನೆಯ ಟ್ಯಾಪೆಂಟಡಾಲ್ ತಗೊಂಡು ಸುಮಾರು 12 ಗಂಟೆ ಕಳೆದು, ಮೂಗು ಸೋರಿ, ಆಕಳಿಕೆ ಬಂದು, ಮೈ ಜುಮ್ಮೆಂದು, ಕಣ್ಣಪಾಪೆ ದೊಡ್ಡದಾಗಿದೆಯಾ ಅಂತ ನೋಡಿಯೇ ಕೊಡುತ್ತೇವೆ. ಬೇಗ ಕೊಟ್ಟರೆ ಒದ್ದಾಟ ಇನ್ನೂ ಜಾಸ್ತಿಯಾಗುತ್ತದೆ. ಹಾಗಾಗಿ ಯಾರೋ ಸ್ನೇಹಿತ ಕೊಟ್ಟ ಸ್ಟ್ರಿಪ್ ತಂದು ಮನೆಯಲ್ಲಿ ಪ್ರಯೋಗ ಬೇಡ. ಮೊದಲ ಮೂರು ನಾಲ್ಕು ದಿನ ಅವನನ್ನು ದಿನಾ ಕರೆದುಕೊಂಡು ಬರಬೇಕು. ನಾವು ಕೊಡುವ ಮಾತ್ರೆ ನಿಮ್ಮ ಬಳಿ ಇರಲಿ, ಅವನ ಬಳಿ ಬೇಡ. ಭೇದಿಗೆ ಓಆರ್‌ಎಸ್, ಗಂಜಿ ಕೊಡಿ.

ಪ್ರಶ್ನೆ: ಕೆಲಸದ ಜಾಗದಲ್ಲಿ ಗೊತ್ತಾಗುತ್ತದಾ ಸರ್?

ಉತ್ತರ: ನಾವಾಗಿ ಹೇಳುವ ಹಾಗಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಕುಡಿತ, ಮಾದಕ ವಸ್ತುಗಳ ತೊಂದರೆಯೂ ಸೇರಿದೆ. ಚಿಕಿತ್ಸೆಯ ವಿಷಯ ಗುಟ್ಟಾಗಿರುವುದು ರೋಗಿಯ ಹಕ್ಕು. ಒಂದು ವಾರದ ರಜಾ ಹಾಕಿಸಿ, ಸಾಕು.

ಇನ್ನೊಬ್ಬರ ಪ್ರಶ್ನೆ: ನಮ್ಮ ಯಜಮಾನರು 15 ವರ್ಷದಿಂದ ದಿನಾ ಕುಡಿಯುತ್ತಾರೆ. ಅವರಿಗೂ ಮನೆಯಲ್ಲೇ ಆಗುತ್ತದಾ? ಗೊತ್ತಾಗದ ಹಾಗೆ ಸಾರಿಗೆ ಬೆರೆಸುವ ಔಷಧಿ ಇದೆಯಂತಲ್ಲ?

ಉತ್ತರ: ಬೆರೆಸಬೇಡಿ ಅಮ್ಮಾ. ಹಾಗೆ ಬೆರೆಸುವುದರಲ್ಲಿ ಡೈಸಲ್ಫಿರಾಮ್ ಇರಬಹುದು. ಅದು ಹೊಟ್ಟೆಯಲ್ಲಿದ್ದಾಗ ಕುಡಿದರೆ ವಾಂತಿ, ಎದೆಬಡಿತ, ಬಿಪಿ ಕುಸಿದು ಜೀವಕ್ಕೇ ಅಪಾಯ. ಅದನ್ನು ಕೊಡಬೇಕಾದರೆ ಅವರಿಗೆ ತಿಳಿಸಿ, ಅವರು ಒಪ್ಪಿದ ಮೇಲೇ ಕೊಡಬೇಕು. ಕುಡಿತ ಒಮ್ಮೆಲೇ ನಿಲ್ಲಿಸುವುದು ಅಫೀಮಿನ ಮಾತ್ರೆ ನಿಲ್ಲಿಸಿದ್ದಕ್ಕಿಂತ ಅಪಾಯ. ಮೊದಲ ಎರಡು ದಿನದಲ್ಲಿ ಫಿಟ್ಸ್, ಮೂರನೇ ದಿನದ ಹೊತ್ತಿಗೆ ಗೊಂದಲ, ಇಲ್ಲದ್ದು ಕಾಣಿಸುವುದು. ನೀವು ಹತ್ತಿರದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ದಾರಿ ಗೊತ್ತಾಗದಿದ್ದರೆ ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ (ಹಾಸನ): ಸರ್, ಒಂದು ವಾರ ದಾಟಿದರೆ ಗೆದ್ದ ಹಾಗೇ ಅಲ್ವಾ?

ಉತ್ತರ: ನನಗೆ ಹೆದರಿಕೆ ಆಗುವುದೇ ಆಮೇಲೆ. ಮೈ ಹಳೇ ಡೋಸ್ ತಡೆಯುವ ಶಕ್ತಿ ಕಳೆದುಕೊಂಡಿರುತ್ತದೆ. ತಿಂಗಳು ಬಿಟ್ಟು, ಯಾವುದೋ ಮದುವೆಗೆ ಹೋದಾಗ ಹಳೇ ಲೆಕ್ಕದಲ್ಲೇ ನುಂಗಿದರೆ ಉಸಿರು ನಿಲ್ಲಬಹುದು. ಅದಕ್ಕೇ ಬ್ಯುಪ್ರೆನಾರ್ಫಿನ್ ವಾರಕ್ಕೆ ನಿಲ್ಲಿಸದೆ ತಿಂಗಳುಗಟ್ಟಲೆ ಮುಂದುವರಿಸುತ್ತೇವೆ. 'ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸಿದಿರಿ' ಅಂತ ಮನೆಯವರು ಗೊಣಗುತ್ತಾರೆ. ಗೊಣಗಲಿ. ಸೋಮವಾರ ಬೆಳಿಗ್ಗೆ ಕರೆದುಕೊಂಡು ಬನ್ನಿ, ಹಿಂದಿನ ರಾತ್ರಿಯಿಂದ ಮಾತ್ರೆ ಮುಟ್ಟಿರಬಾರದು.