ಮನೆ ಗಲೀಜಾಗದ ಹಾಗೆ ಪುಟ್ಟ ಮಕ್ಕಳ ಜೊತೆ ಕ್ರಿಸ್‌ಮಸ್ ಕ್ರಾಫ್ಟ್: ನೀವು ಏನು ಮಾಡಿಸಿದ್ದೀರಿ?

ಕೇಳಿದವರು:
ಮಗಳಿಗೆ ಮೂರೂವರೆ ವರ್ಷ, ಮಗನಿಗೆ ಐದು. ಬೆಂಗಳೂರಲ್ಲಿ ಬಾಡಿಗೆ ಮನೆ, ಇರೋದು ಒಂದೇ ಹಾಲ್. ಹೋದ ವರ್ಷ ನಕ್ಷತ್ರ ಮಾಡಿಸೋಣ ಅಂತ ಮಿನುಗುವ ಗ್ಲಿಟರ್ ಪುಡಿ ತಂದಿದ್ದೆ. ಡಬ್ಬಿ ಉರುಳಿಬಿತ್ತು. ಸಂಕ್ರಾಂತಿವರೆಗೂ ಚಾಪೆ, ದಿಂಬು, ಮಕ್ಕಳ ತಲೆ, ಎಲ್ಲ ಕಡೆ ಅದೇ. ಈ ಸಲ ಸುಲಭವಾದದ್ದು, ಗುಡಿಸಿ ಒರೆಸಿ ಸುಸ್ತಾಗದಂಥದ್ದು ಏನಿದೆ? ಮಾಡಿಸಿ ನೋಡಿದವರು ಹೇಳ್ತೀರಾ?

ಪ್ಲೇಹೋಮ್ ಟೀಚರ್:
ಎಂಟು ವರ್ಷದಿಂದ ಈ ವಯಸ್ಸಿನ ಮಕ್ಕಳ ಜೊತೆಗೇ ಇದ್ದೇನೆ. ಗ್ಲಿಟರ್, ಬಾಟಲಿ ಗೋಂದು, ಬಟ್ಟಲಲ್ಲಿ ಕಲಸಿದ ಬಣ್ಣ, ಈ ಮೂರನ್ನು ಬಿಟ್ಟುಬಿಡಿ. ಅರ್ಧ ಕೆಲಸ ಕಡಿಮೆಯಾಗುತ್ತದೆ. ಪುಟ್ಟ ಮಕ್ಕಳಿಗೆ ಕಿತ್ತು ಅಂಟಿಸುವುದೇ ದೊಡ್ಡ ಖುಷಿ. ಅದಕ್ಕೆ ನಾನು ತರುವುದು ಸ್ಟಿಕರ್ ಬಿಂದಿ.

ಹಸಿರು ಚಾರ್ಟ್ ಪೇಪರಿನಲ್ಲಿ ಮರದ ಆಕಾರ ಕತ್ತರಿಸಿ, ಜಾರದ ಹಾಗೆ ನಾಲ್ಕು ಕಡೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ. ಬಿಂದಿ ಪ್ಯಾಕೆಟ್ ಕೈಗೆ ಕೊಡಿ. ಆಮೇಲೆ ಅವರನ್ನ ನೋಡಬೇಕು. ನಾಲಿಗೆ ತುದಿ ಹೊರಗೆ, ಎರಡು ಬೆರಳ ಮಧ್ಯೆ ಬಿಂದಿ, ಉಸಿರೂ ಇಲ್ಲ! ಹೋದ ಡಿಸೆಂಬರಿನಲ್ಲಿ ಒಬ್ಬ ಹುಡುಗ ಎಲ್ಲ ಬಿಂದಿಯನ್ನೂ ಮರದ ಒಂದೇ ಮೂಲೆಗೆ ಅಂಟಿಸಿದ. ಯಾಕಪ್ಪಾ ಅಂತ ಕೇಳಿದೆ. 'ಇಲ್ಲಿ ಮಾತ್ರ ಹಣ್ಣಾಗಿದೆ ಮಿಸ್' ಅಂದ. ಅಂಥದ್ದನ್ನ ದಯವಿಟ್ಟು ಸರಿ ಮಾಡೋಕೆ ಹೋಗಬೇಡಿ. ಹಾಗೇ ಗೋಡೆಗೆ ಹಾಕಿ.

ನಿಮ್ಮ ಮಗನಿಗೆ ಮೊಂಡು ತುದಿಯ ಕತ್ತರಿ ಕೊಡಬಹುದು. ಹಳೇ ಲಗ್ನಪತ್ರಿಕೆ ಇದ್ದೇ ಇರುತ್ತದಲ್ವಾ? ಕೆಂಪು, ಚಿನ್ನದ ಬಣ್ಣದ ಗಟ್ಟಿ ಕಾಗದ, ನಕ್ಷತ್ರಕ್ಕೆ ಹೇಳಿ ಮಾಡಿಸಿದಂತಿದೆ. ನೀವು ಗೆರೆ ಹಾಕಿಕೊಡಿ, ಅವನು ಕತ್ತರಿಸಲಿ. ಅಂಟಿಸಲು ಗ್ಲೂ ಸ್ಟಿಕ್ ಸಾಕು. ಬಣ್ಣ ಬೇಕೇ ಬೇಕು ಅಂತ ಹಟ ಮಾಡಿದರೆ, ಕಾಗದದ ಮರವನ್ನು ಜಿಪ್ ಕವರಿನೊಳಗೆ ಇಟ್ಟು, ಮೂರು ನಾಲ್ಕು ಹನಿ ಬಣ್ಣ ಹಾಕಿ, ಬಾಯಿಗೆ ಟೇಪ್ ಹಚ್ಚಿ. ಮೇಲಿಂದ ಅಮುಕಿ ಅಮುಕಿ ಬಣ್ಣ ಹರಡುತ್ತಾರೆ, ಕೈಗೆ ಒಂದು ಹನಿಯೂ ತಾಗುವುದಿಲ್ಲ.

ಇನ್ನೊಂದು ಮಾತು. ನೀವು ಮಾಡಬೇಕಾದ ತಯಾರಿ ಎಲ್ಲ ಹಿಂದಿನ ರಾತ್ರಿಯೇ ಮುಗಿಸಿಡಿ. ಮೂರು ವರ್ಷದ ಮಗು ಕೂರುವುದು 10-15 ನಿಮಿಷ. ಅದನ್ನ ಕಾಯಿಸುವುದರಲ್ಲೇ ಕಳೆಯಬಾರದು.

ಮಂಗಳೂರಿನ ಅಮ್ಮ:
ನಮ್ಮಲ್ಲಿ ಕ್ರಿಸ್‌ಮಸ್ ಅಂದರೆ ಗೋದಲಿ. ಯೇಸು ಹುಟ್ಟಿದ ಕೊಟ್ಟಿಗೆಯನ್ನು ಮನೆಮನೆಯಲ್ಲೂ ಕಟ್ಟುತ್ತೇವೆ. ಅದರ ಹುಲ್ಲು ಬೆಳೆಸುವ ಕೆಲಸ ಮಕ್ಕಳದ್ದು, ನಾನು ಚಿಕ್ಕವಳಿದ್ದಾಗಲೂ ಹಾಗೇ. ಡಿಸೆಂಬರ್ 12ರ ಸುಮಾರಿಗೆ ರಾಗಿ ಒಂದು ರಾತ್ರಿ ನೆನೆಸಿ. ಗೆರಟೆಯಲ್ಲಿ (ನಿಮ್ಮ ಕಡೆ ಚಿಪ್ಪು ಅನ್ನುತ್ತಾರಲ್ಲ) ಒದ್ದೆ ಹತ್ತಿ ಹಾಸಿ, ಮೇಲೆ ರಾಗಿ ಉದುರಿಸಿ. ಮಣ್ಣೇ ಬೇಡ. ಬೆಳಿಗ್ಗೆ ಸಂಜೆ ಚಮಚದಲ್ಲಿ ನೀರು ಚಿಮುಕಿಸಲು ಮಗಳಿಗೆ ಹೇಳಿ, ಹತ್ತಿ ಒಣಗಬಾರದು, ನೀರು ನಿಲ್ಲಲೂಬಾರದು. ಎರಡು ಮೂರು ದಿನಕ್ಕೆ ಬಿಳಿ ಮೊಳಕೆ, 24ರ ಹೊತ್ತಿಗೆ ಒತ್ತಾಗಿ ಹಸಿರು. ಉತ್ತರ ಕರ್ನಾಟಕದವರು ನವರಾತ್ರಿಗೆ ಘಟ ಹಾಕುವುದು ನೋಡಿದ್ದರೆ ತಕ್ಷಣ ಅರ್ಥವಾಗುತ್ತದೆ. ನನ್ನ ಮಗ ಶಾಲೆಯಿಂದ ಬಂದವನೇ ಶೂ ಬಿಚ್ಚದೆ ಗೆರಟೆ ಹತ್ತಿರ ಓಡುತ್ತಿದ್ದ. ಹನ್ನೆರಡು ದಿನದ ಸಂಭ್ರಮ ಅದು.

ಬಸವನಗುಡಿಯ ಅಜ್ಜಿ:
ಪರಿಷೆಯಲ್ಲಿ ತಂದ ಕಡಲೆಕಾಯಿ ಉಳಿದಿದ್ದರೆ ಸಿಪ್ಪೆ ಎಸೆಯಬೇಡಮ್ಮ. ಉದ್ದಕ್ಕೆ ಎರಡು ಹೋಳಾದ ಸಿಪ್ಪೆ ಪುಟ್ಟ ತೊಟ್ಟಿಲಾಗುತ್ತೆ. ಒಳಗೆ ಚೂರು ಹತ್ತಿ, ಕಾಗದದ ಸುರುಳಿಯ ಪಾಪು. ನಾನೂ ಮೊಮ್ಮಗಳೂ ಬೆಂಕಿಪೊಟ್ಟಣದಲ್ಲಿ ಕೊಟ್ಟಿಗೆ ಮಾಡಿ, ಇದನ್ನ ಒಳಗೆ ಇಟ್ಟಿದ್ದೆವು. ಚಿಕ್ಕವಳು ಬಾಯಿಗೆ ಹಾಕಿಕೊಳ್ಳೋ ಹಾಗಿದ್ದರೆ ಮಾತ್ರ ಇದು ಬೇಡ.

ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಚಿಪ್ಪು ಎರಡು ಇವೆ, ಒಬ್ಬೊಬ್ಬರಿಗೆ ಒಂದೊಂದು. ಮಿಸ್, ಬಿಂದಿ ಯಾವ ಸೈಜು ತರಲಿ?

ಪ್ಲೇಹೋಮ್ ಟೀಚರ್:
ದೊಡ್ಡದೇ ತನ್ನಿ. ಸಾಸಿವೆ ಗಾತ್ರದ್ದು ಅವರ ಬೆರಳಿಗೆ ಸಿಗಲ್ಲ. ಎರಡು ಪ್ಯಾಕೆಟ್ ಜಾಸ್ತಿ ಇರಲಿ, ಕೆಲವು ಹಣೆಗೆ ಹೋಗುತ್ತವೆ.